ಸಕ್ಕರೆ ಗೆದ್ದ ಬೆಕ್ಕು ಮತ್ತೆ ಮಂಕಾದಾಗ

ಬೆಕ್ಕಿಗೆ ಸಿಹಿಯ ರುಚಿ ಗೊತ್ತಾಗುವುದಿಲ್ಲ. ಸಿಹಿಯನ್ನು ಗುರುತಿಸಲು ನಾಲಿಗೆಗೆ ಬೇಕಾದ ಒಂದು ಜೀನ್ ಬೆಕ್ಕಿನ ಕುಲದಲ್ಲೇ ಕೆಟ್ಟುಹೋಗಿದೆ ಎಂಬುದನ್ನು ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಹೋಳಿಗೆ ಮುಂದಿಟ್ಟರೂ ಮೂಸಿ ನೋಡಿ ಎದ್ದುಹೋಗುವ ಈ ಪ್ರಾಣಿಗೆ ಸಕ್ಕರೆ ಕಾಯಿಲೆ ಮಾತ್ರ ಬರುತ್ತದೆ. ಬ್ರಿಟನ್ನಿನ ಅಧ್ಯಯನಗಳ ಪ್ರಕಾರ ಅಲ್ಲಿ ಸುಮಾರು 200 ಸಾಕುಬೆಕ್ಕುಗಳಲ್ಲಿ ಒಂದಕ್ಕೆ ಈ ಕಾಯಿಲೆ ಇದೆ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಬೇಗ ಪತ್ತೆಯಾಗಿ ಸರಿಯಾದ ಚಿಕಿತ್ಸೆ ಸಿಕ್ಕರೆ ಎಷ್ಟೋ ಬೆಕ್ಕುಗಳು ಇನ್ಸುಲಿನ್ ಇಲ್ಲದೆಯೇ ಬದುಕುವಷ್ಟು ಚೇತರಿಸಿಕೊಳ್ಳುತ್ತವೆ.

ಬೆಂಗಳೂರಿನ ಶ್ರೀನಗರದ ನಮ್ಮ ಮನೆಯ ಗುಂಡ ಹಾಗೆ ಚೇತರಿಸಿಕೊಂಡವನು. ಇನ್ಸುಲಿನ್ ನಿಂತು ವರ್ಷ ದಾಟಿದ ಮೇಲೆ, ಎಲ್ಲವೂ ಸರಿಹೋಯಿತು ಎಂದು ಮನೆಯವರೆಲ್ಲ ನಿರಾಳವಾಗಿದ್ದಾಗ, ಒಂದು ಸಂಜೆ ಅವನು ಊಟ ಬಿಟ್ಟು ಮಂಚದ ಕೆಳಗೆ ಸೇರಿಕೊಂಡ. ಒಮ್ಮೆ ಕಾಯಿಲೆ ಕಂಡ ಮನೆಗೆ ಅಂಥ ಗಳಿಗೆಯಲ್ಲಿ ಬರುವ ಭಯ ದೊಡ್ಡದು. ಆ ಭಯದಲ್ಲಿ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದನ್ನು ಮೊದಲೇ ತಿಳಿದಿದ್ದರೆ ಬೆಕ್ಕಿನ ಜೀವ ಉಳಿಯುತ್ತದೆ. ಈ ಬರಹ ಅದಕ್ಕಾಗಿ.

ಮೊಸರನ್ನದ ಮನೆಯಲ್ಲಿ ಮಾಂಸಾಹಾರಿ

ಶ್ರೀನಗರದಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅತ್ತ ಹನುಮಂತನಗರ, ಇತ್ತ ಗಿರಿನಗರ. ಕಾಂಪೌಂಡಿನಿಂದ ಶೀಟಿಗೆ, ಶೀಟಿನಿಂದ ಪಕ್ಕದ ಮನೆಯ ಟೆರೇಸಿಗೆ ಹಾರುತ್ತಾ ಬೆಕ್ಕುಗಳು ಇಡೀ ಬೀದಿಯನ್ನು ನೆಲ ಮುಟ್ಟದೆ ದಾಟಬಲ್ಲವು. ಆದರೆ ಸಾಕಿದ ಬೆಕ್ಕುಗಳು ಈಗ ಹಾಗೆ ಅಲೆಯುವುದು ಕಡಿಮೆ. ಬೀದಿನಾಯಿಗಳ ಹೆದರಿಕೆ, ಗಾಡಿಗಳ ಹೆದರಿಕೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಯೊಳಗೇ ಇಟ್ಟುಕೊಳ್ಳುವವರೇ ಹೆಚ್ಚು. ಆ ಶಸ್ತ್ರಚಿಕಿತ್ಸೆ ಬೇಕೇ ಬೇಕು. ಅದಾದ ಮೇಲೆ ಬೆಕ್ಕಿಗೆ ಬೇಕಾದ ಆಹಾರದ ಪ್ರಮಾಣ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಓಡಾಟವಿಲ್ಲದೆ ತಟ್ಟೆ ಸದಾ ತುಂಬಿದ್ದರೆ ಮೈ ಬರುತ್ತದೆ. ಸಂತಾನಹರಣವಾದ, ದಪ್ಪಗಿರುವ, ಏಳೆಂಟು ವರ್ಷ ದಾಟಿದ ಗಂಡುಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಇದೇ ಕಾರಣಕ್ಕೆ. ಕಾಯಿಲೆ ಪತ್ತೆಯಾದಾಗ ಗುಂಡ ಆರೂವರೆ ಕಿಲೊ ತೂಗುತ್ತಿದ್ದ.

ಬೆಕ್ಕು ಮಾಂಸವನ್ನೇ ನಂಬಿ ಬದುಕುವ ಪ್ರಾಣಿ. ಒಂದು ಇಲಿಯಲ್ಲಿ ಪ್ರೋಟೀನ್, ಕೊಬ್ಬು, ನೀರು ಇರುತ್ತವೆ, ಪಿಷ್ಟ ಇಲ್ಲವೆಂಬಷ್ಟು ಕಡಿಮೆ. ಬೆಕ್ಕಿನ ಯಕೃತ್ತು ಪ್ರೋಟೀನಿನಿಂದಲೇ ಸಕ್ಕರೆ ತಯಾರಿಸಿಕೊಳ್ಳುವಂತೆ ರೂಪುಗೊಂಡಿದೆ. ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಆಹಾರದಲ್ಲಿ ಮೂರನೇ ಒಂದು ಭಾಗದಷ್ಟು ಕಾರ್ಬೋಹೈಡ್ರೇಟ್ ಇರುವುದು ಸಾಮಾನ್ಯ. ನಮ್ಮ ಕಡೆಯ ಮನೆಗಳಲ್ಲಿ ಅದರ ಜೊತೆಗೆ ಹಾಲನ್ನ, ಮೊಸರನ್ನ. ಇದು ಪ್ರೀತಿಯಿಂದಲೇ ಹಾಕುವ ಊಟ. ಬೆಕ್ಕಿನ ಮೈಗೆ ಮಾತ್ರ ಅದು ಹೊರೆ. ಮೈಯಲ್ಲಿ ಕೊಬ್ಬು ಹೆಚ್ಚಿದಂತೆ ಇನ್ಸುಲಿನ್ ನಾಟುವುದು ಕಡಿಮೆಯಾಗುತ್ತದೆ, ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ದುಡಿಯಬೇಕಾಗುತ್ತದೆ, ಕೊನೆಗೆ ಸೋಲುತ್ತದೆ. ಮನುಷ್ಯರ ಎರಡನೇ ಬಗೆಯ ಮಧುಮೇಹಕ್ಕೂ ಇದಕ್ಕೂ ಹತ್ತಿರದ ಹೋಲಿಕೆಯಿದೆ.

ಲಕ್ಷಣಗಳು ಗಮನಿಸುವವರಿಗೆ ಬೇಗ ಸಿಗುತ್ತವೆ. ನೀರಿನ ಬಟ್ಟಲು ಪದೇ ಪದೇ ಖಾಲಿಯಾಗುತ್ತದೆ. ಮೂತ್ರದ ಟ್ರೇಯ ಮರಳು ದೊಡ್ಡ ದೊಡ್ಡ ಉಂಡೆ ಕಟ್ಟುತ್ತದೆ. ರಕ್ತದ ಸಕ್ಕರೆ ಸುಮಾರು 270 ದಾಟಿದರೆ ಮೂತ್ರದಲ್ಲೂ ಸಕ್ಕರೆ ಇಳಿಯುತ್ತದೆ. ಟ್ರೇಯ ಅಂಚಿಗೆ ಇರುವೆ ಸಾಲುಗಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಚೆನ್ನಾಗಿ ತಿನ್ನುತ್ತಿದ್ದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ತೂಕ ಇಳಿಯುತ್ತದೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗುತ್ತವೆ. ಅದು ನರಗಳಿಗೆ ಆದ ಪೆಟ್ಟು. ಸಕ್ಕರೆ ಹತೋಟಿಗೆ ಬಂದರೆ ಇದು ಬಹಳಷ್ಟು ಸಲ ಸರಿಹೋಗುತ್ತದೆ.

ಕಿವಿಯಂಚಿನ ಒಂದು ಹನಿ

ಬೆಕ್ಕಿನ ಚಿಕಿತ್ಸೆಗೆ ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವ ಇನ್ಸುಲಿನ್‌ಗಳಲ್ಲಿ ಗ್ಲಾರ್ಜಿನ್ ಒಂದು. ಮನುಷ್ಯರಿಗೆಂದು ತಯಾರಾದದ್ದೇ ಬೆಕ್ಕಿಗೂ ಆಗುತ್ತದೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಅದನ್ನು ಬೇಸಲಾಗ್ ಎಂಬ ಹೆಸರಿನಲ್ಲಿ 2009ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಹೀಗಾಗಿ ಬೆಕ್ಕಿನ ಔಷಧಿಗೆ ಪರದೇಶದ ಕಡೆ ನೋಡಬೇಕಾಗಿಲ್ಲ, ವೈದ್ಯರ ಚೀಟಿ ಇದ್ದರೆ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತದೆ. ಪ್ರಮಾಣ ಮಾತ್ರ ತೀರಾ ಸಣ್ಣದು, ಒಂದು ಯೂನಿಟ್ಟಿನ ಆಸುಪಾಸು, 12 ಗಂಟೆಗೊಮ್ಮೆ. ಇನ್ಸುಲಿನ್ ಸಿರಿಂಜುಗಳಲ್ಲಿ 40ರದ್ದು, 100ರದ್ದು ಎಂದು ಎರಡು ಬಗೆ ಇವೆ. 100ರ ಗ್ಲಾರ್ಜಿನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಔಷಧಿ ಒಳಗೆ ಹೋಗುತ್ತದೆ. ಅಂಗಡಿಯ ಕೌಂಟರಿನಲ್ಲೇ ಸಿರಿಂಜಿನ ಮೇಲಿನ ಅಂಕಿ ಓದಿ ತೆಗೆದುಕೊಳ್ಳಬೇಕು.

ಚುಚ್ಚುಮದ್ದಿಗಿಂತ ಮುಖ್ಯವಾದದ್ದು ಮನೆಯಲ್ಲೇ ಮಾಡುವ ರಕ್ತಪರೀಕ್ಷೆ. ಬೆಕ್ಕಿನ ಕಿವಿಯ ಹೊರ ಅಂಚಿನಲ್ಲಿ ಒಂದು ಸಣ್ಣ ರಕ್ತನಾಳ ಹಾಯುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಾಳ ತುಂಬಿಕೊಳ್ಳುತ್ತದೆ. ಕಿವಿಯ ಒಳಗಡೆ ಹತ್ತಿಯುಂಡೆ ಇಟ್ಟು, ಹೊರಗಿನಿಂದ ಸೂಜಿಯ ಮೊನೆ ತಾಗಿಸಿದರೆ ಸಾಸಿವೆಯಷ್ಟು ರಕ್ತ ಮೂಡುತ್ತದೆ. ಮೀಟರಿನ ಪಟ್ಟಿಗೆ ಅಷ್ಟು ಸಾಕು. ಆಮೇಲೆ ಹತ್ತಿಯಿಂದ ಒತ್ತಿ ಹಿಡಿದು, ಬೇಯಿಸಿದ ಕೋಳಿಯ ಒಂದು ಚೂರು ಕೊಡಬೇಕು. ದಿನವೂ ಅದೇ ಜಾಗ, ಅದೇ ಹೊತ್ತು, ಅದೇ ಚೂರು ಎಂದಾದಾಗ ಬೆಕ್ಕು ತಾನಾಗಿಯೇ ಬಂದು ಕೂರುತ್ತದೆ. ಗುಂಡ ದೇವರ ಮನೆಯ ಹೊಸ್ತಿಲ ಪಕ್ಕ ಬಂದು ಕೂರುತ್ತಿದ್ದ, ಅಲ್ಲಿ ಬೆಳಗಿನ ಬಿಸಿಲು ಬೀಳುತ್ತಿತ್ತು.

ಊಟದ ವಿಷಯಕ್ಕೆ ಮನೆಯಲ್ಲಿ ಮಾತು ನಡೆಯಲೇಬೇಕಿತ್ತು. "ಮೊಸರನ್ನ ಹಾಕ್ಬೇಡ ಅಂತೀಯಲ್ಲಮ್ಮ, ಪಾಪ ಅದು ಹಸ್ಕೊಂಡಿರ್ಬೇಕಾ?" ಎಂದರು ಅತ್ತೆ. ಅವರು ಮಡಿಯವರು. ಬೆಕ್ಕಿನ ಮೈಗೆ ಅನ್ನವೇ ವಿಷವಾಗುತ್ತಿದೆ ಎಂದು ಡಾಕ್ಟರು ಬಿಡಿಸಿ ಹೇಳಿದ ಮೇಲೆ ದಾರಿ ತೋರಿಸಿದವರೂ ಅವರೇ. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಕರೆಂಟ್ ಒಲೆ, ಒಂದು ಪಾತ್ರೆ, ಒಂದು ಸೌಟು. ಅವು ಒಳಗೆ ಬರುವಂತಿಲ್ಲ, ಅಷ್ಟೇ. ಬೇಯಿಸಿದ ಮಾಂಸವೊಂದೇ ಬೆಕ್ಕಿಗೆ ಸಾಲದು. ಟಾರಿನ್ ಎಂಬ ಅಂಶ ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಆದ್ದರಿಂದ ಮುಖ್ಯ ಊಟ ಕಾರ್ಬೋಹೈಡ್ರೇಟ್ ಕಡಿಮೆ ಇರುವ, ಬೆಕ್ಕಿಗೆಂದೇ ತಯಾರಾದ ಹಸಿ ಆಹಾರದ ಪೌಚ್. ಇನ್ಸುಲಿನ್ ನಡೆಯುತ್ತಿರುವಾಗ ಈ ಬದಲಾವಣೆಯನ್ನು ವೈದ್ಯರಿಗೆ ಹೇಳಿಯೇ ಮಾಡಬೇಕು. ಅನ್ನ ನಿಂತ ಕೂಡಲೆ ಸಕ್ಕರೆ ಇಳಿಯುತ್ತದೆ, ಹಳೆಯ ಪ್ರಮಾಣದ ಇನ್ಸುಲಿನ್ ಆಗ ಜಾಸ್ತಿಯಾಗುತ್ತದೆ.

ವಾಸಿಯಲ್ಲ, ವಿರಾಮ

ಕಿರ್ಸ್ಟನ್ ರೂಂಪ್ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಜಾಕಿ ರ‍್ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೆಕ್ಕು ಸಾಕುವವರಿಗೆಲ್ಲ ಧೈರ್ಯ ಕೊಟ್ಟಿತು. ಅದರಲ್ಲಿದ್ದ 55 ಬೆಕ್ಕುಗಳಿಗೆ ಮನೆಯವರೇ ದಿನಕ್ಕೆ ಹಲವು ಬಾರಿ ಕಿವಿಯಿಂದ ರಕ್ತ ತೆಗೆದು ನೋಡಿ ಗ್ಲಾರ್ಜಿನ್ ಕೊಡುತ್ತಿದ್ದರು. ಒಟ್ಟು ನೂರಕ್ಕೆ 64ರಷ್ಟು ಬೆಕ್ಕುಗಳು ಇನ್ಸುಲಿನ್‌ನಿಂದ ಬಿಡುಗಡೆ ಪಡೆದವು. ಕಾಯಿಲೆ ಪತ್ತೆಯಾದ ಆರು ತಿಂಗಳೊಳಗೆ ಈ ಕ್ರಮ ಶುರುಮಾಡಿದವುಗಳಲ್ಲಿ ಆ ಪ್ರಮಾಣ 84, ತಡವಾಗಿ ಶುರುಮಾಡಿದವುಗಳಲ್ಲಿ 35. ಸಕ್ಕರೆ ಹೆಚ್ಚಿದ್ದಷ್ಟು ಕಾಲ ಅದೇ ಇನ್ಸುಲಿನ್ ತಯಾರಿಸುವ ಜೀವಕೋಶಗಳಿಗೆ ವಿಷ. ಬೇಗ ಇಳಿಸಿದರೆ ಅಳಿದುಳಿದ ಜೀವಕೋಶಗಳು ಚೇತರಿಸಿಕೊಂಡು ಮತ್ತೆ ದುಡಿಯುತ್ತವೆ.

ಇನ್ಸುಲಿನ್ ಇಲ್ಲದೆ ನಾಲ್ಕು ವಾರ ಸಕ್ಕರೆ ಸರಿಯಾಗಿಯೇ ಇದ್ದರೆ ಅದನ್ನು ವೈದ್ಯರು ರೆಮಿಷನ್ ಎನ್ನುತ್ತಾರೆ. ಇದು ಕಾಯಿಲೆ ಬಿಟ್ಟುಹೋಯಿತು ಎಂಬ ಭರವಸೆಯಲ್ಲ. ಚೇತರಿಸಿಕೊಂಡ ಬೆಕ್ಕುಗಳಲ್ಲಿ ಸುಮಾರು ನಾಲ್ಕಕ್ಕೊಂದಕ್ಕೆ ಮುಂದೆ ಕಾಯಿಲೆ ಮರಳುತ್ತದೆ. ಮೇಲ್ನೋಟಕ್ಕೆ ಸರಿಯಿರುವ ಬೆಕ್ಕಿನಲ್ಲೂ ಗ್ರಂಥಿಯ ಶಕ್ತಿ ಅಷ್ಟಕ್ಕಷ್ಟೇ. ಒಂದು ಸೋಂಕು, ಕೊಳೆತ ಹಲ್ಲು, ಮತ್ತೆ ಏರಿದ ತೂಕ, ತುರಿಕೆಗೆಂದು ಕೊಟ್ಟ ಒಂದು ಸ್ಟಿರಾಯ್ಡ್ ಚುಚ್ಚುಮದ್ದು, ಇವುಗಳಲ್ಲಿ ಯಾವುದಾದರೂ ಸಾಕು. ಅದಕ್ಕೇ ಚರ್ಮ ತೋರಿಸಲು ಹೋಗಲಿ, ಹಲ್ಲು ತೋರಿಸಲು ಹೋಗಲಿ, ಹೊಸ ವೈದ್ಯರಿಗೆ ಹೇಳುವ ಮೊದಲ ಮಾತು ಇದಾಗಿರಬೇಕು: "ಇವನಿಗೆ ಹಿಂದೆ ಶುಗರ್ ಇತ್ತು ಡಾಕ್ಟ್ರೇ, ಈಗ ಇನ್ಸುಲಿನ್ ಇಲ್ಲ."

ಆ ಸಂಜೆ

ಗುಂಡ ಬೆಳಿಗ್ಗೆ ಅರ್ಧ ತಿಂದು ಬಿಟ್ಟಿದ್ದ. ಮಧ್ಯಾಹ್ನ ನೊರೆನೊರೆಯಾಗಿ ವಾಂತಿ. ಸಂಜೆಗೆ ಪೌಚ್ ಹರಿಯುವ ಸದ್ದಿಗೂ ತಲೆ ಎತ್ತಲಿಲ್ಲ. ನಾಲ್ಕೂ ಕಾಲು ಮಡಿಸಿ, ಬೆನ್ನು ಗೂನು ಮಾಡಿ, ತಲೆ ತಗ್ಗಿಸಿ ಮಂಚದ ಕೆಳಗೆ ಕೂತಿದ್ದ. ಅದು ನಿದ್ದೆಯ ಭಂಗಿಯಲ್ಲ, ನೋವಿನ ಭಂಗಿ.

ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಸಕ್ಕರೆ ಮತ್ತೆ ಬಂತಾ? ವೈದ್ಯರಲ್ಲಿಗೆ ಹೊರಡುವ ಮೊದಲು ಮೀಟರ್ ತೆಗೆದು ಕಿವಿಯಿಂದ ಒಂದು ಹನಿ ತೆಗೆದೆವು. 142 ಬಂತು. ಬೆಕ್ಕಿಗೆ ಸುಮಾರು 70ರಿಂದ 150 ಮಾಮೂಲಿ. ಹಳೆಯ ನೋಟ್‌ಬುಕ್ಕಿನಲ್ಲಿ ಹೊತ್ತು, ಅಂಕಿ, ವಾಂತಿಯ ಬಣ್ಣ, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂಬುದನ್ನೆಲ್ಲ ಬರೆದುಕೊಂಡು, ಬುಟ್ಟಿಯ ಮೇಲೆ ಟವೆಲ್ ಹೊದಿಸಿ ಆಟೋ ಹತ್ತಿದೆವು.

ಕ್ಲಿನಿಕ್ಕಿನಲ್ಲಿ ಅದೇ ಪರೀಕ್ಷೆ ಮಾಡಿದಾಗ 318! ಡಾಕ್ಟರು ಮೀಟರನ್ನು ನಮ್ಮ ಕಡೆ ತಿರುಗಿಸಿ, "ಇದನ್ನ ನೋಡಿ ಗಾಬರಿಯಾಗ್ಬೇಡಿ ಮೇಡಂ. ಆಟೋದಲ್ಲಿ ಬಂದಿದ್ದಾನೆ, ಹೊರಗಡೆ ನಾಯಿ ಬೊಗಳ್ತಾ ಇದೆ. ಮನೇಲಿ ನೋಡಿದ್ರಾ, ಎಷ್ಟಿತ್ತು?" ಎಂದರು. ನೋಟ್‌ಬುಕ್ ಕೊಟ್ಟೆ.

ಇಲ್ಲಿರುವುದು ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ. ಹೆದರಿದ ಬೆಕ್ಕಿನ ಮೈಯಲ್ಲಿ ಅಡ್ರಿನಾಲಿನ್ ಉಕ್ಕುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಎಂದೂ ಮಧುಮೇಹ ಇಲ್ಲದ ಬೆಕ್ಕಿನಲ್ಲೂ ಅಂಕಿ 300 ದಾಟಬಹುದು. ಆ ಒಂದು ಅಂಕಿಯನ್ನು ನಂಬಿ ಇನ್ಸುಲಿನ್ ಕೊಟ್ಟರೆ, ಬೆಕ್ಕು ಮನೆಗೆ ಬಂದು ಶಾಂತವಾದ ಮೇಲೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಅದೂ ಊಟ ಬಿಟ್ಟ ಬೆಕ್ಕು. ಈ ಗೊಂದಲ ಪರಿಹರಿಸಲು ಫ್ರಕ್ಟೋಸಮಿನ್ ಎಂಬ ರಕ್ತಪರೀಕ್ಷೆ ಇದೆ. ಆ ಕ್ಷಣದ ಹೆದರಿಕೆ ಅದಕ್ಕೆ ತಟ್ಟುವುದಿಲ್ಲ, ಹಿಂದಿನ ಒಂದೆರಡು ವಾರ ಸಕ್ಕರೆ ಹೇಗಿತ್ತು ಎಂಬುದನ್ನು ಅದು ಹೇಳುತ್ತದೆ. ಗುಂಡನ ಫ್ರಕ್ಟೋಸಮಿನ್ ಮಾಮೂಲಿಯಾಗಿತ್ತು. ಹತೋಟಿ ತಪ್ಪಿದ ಮಧುಮೇಹದಲ್ಲಿ ಕಾಣಿಸುವ ಕೀಟೋನ್ ಮೂತ್ರದಲ್ಲಿ ಇರಲಿಲ್ಲ. ಸಕ್ಕರೆ ಮರಳಿರಲಿಲ್ಲ.

ಹಾಗಾದರೆ ಏನು? ಹೊಟ್ಟೆಯ ಮೇಲ್ಭಾಗ ಒತ್ತಿದಾಗ ಅವನು ಬಿಗಿದುಕೊಂಡ. ಸ್ಕ್ಯಾನಿಂಗ್ ಮತ್ತು ಮೇದೋಜೀರಕ ಗ್ರಂಥಿಯ ಲೈಪೇಸ್ ಪರೀಕ್ಷೆ ಎರಡೂ ಒಂದೇ ಕಡೆ ಬೆರಳು ತೋರಿಸಿದವು. ಅದು ಪ್ಯಾಂಕ್ರಿಯಾಟೈಟಿಸ್, ಅಂದರೆ ಅದೇ ಗ್ರಂಥಿಯ ಉರಿಯೂತ. ಮಧುಮೇಹ ಬಂದ ಬೆಕ್ಕುಗಳಲ್ಲಿ ಇದು ಜೊತೆಜೊತೆಗೇ ಕಾಣಿಸುವುದುಂಟು. ಬೆಕ್ಕು ನಾಯಿಯಂತೆ ವಿಪರೀತ ವಾಂತಿ ಮಾಡದೆಯೂ ಇರಬಹುದು. ಮಂಕಾಗುವುದು, ಊಟ ಬಿಡುವುದು, ಇವೇ ದೊಡ್ಡ ಲಕ್ಷಣ. ಇದಕ್ಕೆ ಒಂದೇ ಏಟಿಗೆ ಗುಣಮಾಡುವ ಔಷಧಿಯಿಲ್ಲ. ಡ್ರಿಪ್ ಹಾಕಿ ನೀರಿನಂಶ ತುಂಬಿಸಬೇಕು, ನೋವು ತಗ್ಗಿಸಬೇಕು, ವಾಕರಿಕೆ ನಿಲ್ಲಿಸಬೇಕು, ಆದಷ್ಟು ಬೇಗ ತಿನ್ನಿಸಬೇಕು. ಹೊಟ್ಟೆಗೆ ವಿಶ್ರಾಂತಿ ಎಂದು ಬೆಕ್ಕನ್ನು ಉಪವಾಸ ಇಡುವಂತಿಲ್ಲ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದು ಕೆಲಸ ನಿಲ್ಲಿಸುವ ಅಪಾಯವಿದೆ. ದೀಪಾವಳಿಯ ಪಟಾಕಿಗೆ ಹೆದರಿ ಅಡಗಿ ಕೂತು ಊಟ ಬಿಡುವ ಬೆಕ್ಕಿಗೂ ಇದೇ ಮಾತು.

ಕೆಲವು ದಿನಗಳ ಚಿಕಿತ್ಸೆಯ ನಂತರ ಗುಂಡ ತಾನಾಗಿ ತಟ್ಟೆಯ ಬಳಿ ಬಂದ. ಉರಿಯೂತ ಉಳಿದ ಜೀವಕೋಶಗಳನ್ನೂ ಸುಟ್ಟು ಸಕ್ಕರೆಯನ್ನು ಮರಳಿ ತರಬಲ್ಲದಾದ್ದರಿಂದ ಮುಂದಿನ ವಾರಗಳಲ್ಲಿ ಮತ್ತೆ ಕಿವಿಯಂಚಿನ ಪರೀಕ್ಷೆ ನಡೆಯಿತು. ಅಂಕಿಗಳು ಮೇಲೇರಲಿಲ್ಲ.

ತಡಮಾಡಬಾರದ ಲಕ್ಷಣಗಳು

ಹಳೆಯ ಕಾಯಿಲೆಯ ನೆನಪು ಕಣ್ಣಿಗೆ ಪಟ್ಟಿ ಕಟ್ಟುತ್ತದೆ. ಶುಗರ್ ಇದ್ದ ಬೆಕ್ಕಿಗೆ ಏನಾದರೂ ಶುಗರ್ ಎಂದೇ ಅನಿಸುತ್ತದೆ. ಬೇರೆ ಅಪಾಯಗಳೂ ಇವೆ, ಕೆಲವಕ್ಕೆ ಗಂಟೆಗಳಷ್ಟೇ ಸಮಯ.

ಗಂಡುಬೆಕ್ಕು ಪದೇ ಪದೇ ಟ್ರೇಗೆ ಹೋಗಿ ತಿಣುಕಿ, ಹನಿಯೂ ಬರದೆ ಕೂಗಿದರೆ ಮೂತ್ರನಾಳ ಕಟ್ಟಿದೆ ಎಂದರ್ಥ. ಇದನ್ನು ಮಲಬದ್ಧತೆ ಎಂದುಕೊಂಡು ಬೆಳಗಿನವರೆಗೆ ಕಾಯುವವರಿದ್ದಾರೆ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಇದ್ದಕ್ಕಿದ್ದಂತೆ ಹಿಂಗಾಲು ಬಿದ್ದುಹೋಗಿ, ಪಾದ ತಣ್ಣಗಾಗಿ, ನೋವಿನಿಂದ ಚೀರಿದರೆ ಅದು ಹೃದಯದಿಂದ ಹೊರಟ ರಕ್ತದ ಹೆಪ್ಪು. ಬಾಯಿ ತೆರೆದು ಏದುಸಿರು ಬಿಡುವುದು ಬೆಕ್ಕಿನಲ್ಲಿ ಯಾವತ್ತೂ ತುರ್ತು. ಮಂಕು, ವಾಂತಿ, ಆಳವಾದ ಉಸಿರಾಟ, ಉಸಿರಿನಲ್ಲಿ ನೇಲ್ ಪಾಲಿಷ್ ತೆಗೆಯುವ ದ್ರವದಂಥ ವಾಸನೆ ಸೇರಿದರೆ ಸಕ್ಕರೆ ನಿಜವಾಗಿಯೂ ಮರಳಿ ಕೀಟೋಅಸಿಡೋಸಿಸ್ ಎಂಬ ಅಪಾಯದ ಹಂತ ತಲುಪಿರಬಹುದು. ಇದು ಮನೆಯಲ್ಲಿ ಸಂಭಾಳಿಸುವಂಥದ್ದಲ್ಲ, ಆಸ್ಪತ್ರೆಯೇ ಆಗಬೇಕು.

ಮಾಡಲೇಬಾರದ ಮೂರು ಕೆಲಸಗಳಿವೆ. ಮೊದಲನೆಯದು, ಮೈ ಬಿಸಿಯಿದೆ ಎಂದು ಪ್ಯಾರಾಸಿಟಮಾಲ್ ಕೊಡುವುದು. ಅದನ್ನು ಅರಗಿಸಿಕೊಳ್ಳುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಎರಡನೆಯದು, ಫ್ರಿಜ್ಜಿನಲ್ಲಿ ಉಳಿದ ಹಳೆಯ ಇನ್ಸುಲಿನ್ನನ್ನು ಅಂದಾಜಿನಿಂದ ಚುಚ್ಚುವುದು. ಇನ್ಸುಲಿನ್ ಹೆಚ್ಚಾಗಿ ಬೆಕ್ಕು ತೂರಾಡಿದರೆ, ಅದುರಿದರೆ, ಒಸಡಿಗೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಸವರುತ್ತಾ ವೈದ್ಯರ ಬಳಿ ಓಡಬೇಕು, ಗಂಟಲಿಗೆ ಸುರಿಯಬಾರದು. ಮೂರನೆಯದು, ಹೊಸ ಮಾತ್ರೆಯ ಸುದ್ದಿ ಕೇಳಿ ಅದನ್ನು ತರಿಸಿಕೊಳ್ಳುವುದು. ಬೆಕ್ಕಿನ ಮಧುಮೇಹಕ್ಕೆ ಬಾಯಿಂದ ಕೊಡುವ ಬೆಕ್ಸಾಗ್ಲಿಫ್ಲೋಜಿನ್‌ಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಎರಡಕ್ಕೂ ಒಪ್ಪಿಗೆ ಇರುವುದು ಹಿಂದೆ ಇನ್ಸುಲಿನ್ ಪಡೆಯದ ಬೆಕ್ಕುಗಳಿಗೆ ಮಾತ್ರ. ಗುಂಡನಂಥವರಿಗೆ ಅವು ಅಲ್ಲ.

ಮನೆಯವರ ಮನಸ್ಸು

"ಬೆಕ್ಕಲ್ವಾ, ಅದಕ್ಕೆ ಇಷ್ಟೊಂದು ಖರ್ಚು ಮಾಡ್ತೀರಾ?" ಎಂಬ ಮಾತು ಬೀದಿಯಲ್ಲಿ ಬಂದೇ ಬರುತ್ತದೆ. ಕೇಳುವವರದು ಕೆಟ್ಟ ಮನಸ್ಸೇನಲ್ಲ. ಆದರೆ ಒಂದು ಜೀವಕ್ಕೆ ಬೆಳಿಗ್ಗೆ ಸಂಜೆ ಗಡಿಯಾರ ನೋಡಿ ಚುಚ್ಚುಮದ್ದು ಕೊಟ್ಟು, ಅದು ಮತ್ತೆ ಕಿಟಕಿಗೆ ಹಾರುವುದನ್ನು ನೋಡಿದವರಿಗೆ ಆ ಪ್ರಶ್ನೆ ನಾಟುವುದಿಲ್ಲ. ಅವರ ಭಯ ನಿಜವಾದದ್ದು. ಹಳೆಯ ದಿನಚರಿ ಮತ್ತೆ ಶುರುವಾಗುತ್ತದಾ, ಊರಿಗೆ ಹೋಗುವುದು ಹೇಗೆ, ದುಡ್ಡಿಗೆ ಏನು, ಈ ಸಲ ಉಳಿಯುತ್ತಾನಾ? ಈ ಪ್ರಶ್ನೆಗಳನ್ನು ಒಬ್ಬರೇ ಹೊತ್ತುಕೊಳ್ಳಬಾರದು. ಮನೆಯಲ್ಲಿ ಇಬ್ಬರಿಗಾದರೂ ರಕ್ತ ನೋಡಲು, ಚುಚ್ಚುಮದ್ದು ಕೊಡಲು ಬರಬೇಕು. ವೈದ್ಯರ ಬಳಿ ಖರ್ಚಿನ ಬಗ್ಗೆ ಸಂಕೋಚವಿಲ್ಲದೆ ಕೇಳಬೇಕು. ಯಾವ ಪರೀಕ್ಷೆ ಇವತ್ತೇ ಬೇಕು, ಯಾವುದು ನಾಳೆಗೆ ಕಾಯಬಹುದು ಎಂದು ಕೇಳಿದರೆ ಒಳ್ಳೆಯ ವೈದ್ಯರು ಬಿಡಿಸಿ ಹೇಳುತ್ತಾರೆ.

ಶ್ರೀನಗರದಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಊರನ್ನು ದಕ್ಷಿಣದಿಂದ ಉತ್ತರಕ್ಕೆ ಪೂರ್ತಿ ಹಾಯಬೇಕು. 1958ರಿಂದ ನಡೆಯುತ್ತಿರುವ ಆ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಎರಡೂ ನಮಗೆ ಆಸರೆ. ಆದರೆ ಸಂಜೆಯ ಟ್ರಾಫಿಕ್ಕಿನಲ್ಲಿ ಉಸಿರು ಕಟ್ಟಿದ ಬೆಕ್ಕನ್ನು ಹಿಡಿದು ದಾರಿ ಹುಡುಕುವಂತಾಗಬಾರದು. ಜಯನಗರ, ಜೆ.ಪಿ. ನಗರ, ಬನಶಂಕರಿಯ ಸುತ್ತ ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು, ಅಲ್ಲಿ ಬೆಕ್ಕನ್ನು ನೋಡುತ್ತಾರಾ, ಆಮ್ಲಜನಕ, ಸ್ಕ್ಯಾನಿಂಗ್ ಇದೆಯಾ ಎಂಬುದನ್ನು ಬೆಕ್ಕು ಚೆನ್ನಾಗಿರುವಾಗಲೇ ಫೋನ್ ಮಾಡಿ ತಿಳಿದುಕೊಳ್ಳಿ.

ಇನ್ಸುಲಿನ್ ನಿಂತ ಬೆಕ್ಕು ನಿಮ್ಮ ಮನೆಯಲ್ಲಿದ್ದರೆ ಮೀಟರನ್ನು ಅಟ್ಟಕ್ಕೆ ಹಾಕಬೇಡಿ. ಪಟ್ಟಿಗಳ ಅವಧಿ ಮುಗಿಯುವ ಮೊದಲು ಹೊಸದು ತನ್ನಿ. ಬೆಕ್ಕು ಆರೋಗ್ಯವಾಗಿರುವಾಗಲೂ ಆಗಾಗ ಒಂದು ಹನಿ ನೋಡಿ ಬರೆದಿಡಿ. ಮನುಷ್ಯರ ಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಕೊಂಚ ಕಡಿಮೆ ತೋರಿಸುತ್ತದೆ, ಆದ್ದರಿಂದ ಯಾವ ಮೀಟರ್ ಎಂಬುದನ್ನೂ ಬರೆಯಿರಿ. ತಿಂಗಳಿಗೊಮ್ಮೆ ಎತ್ತಿಕೊಂಡು ತಕ್ಕಡಿ ಹತ್ತಿ ತೂಕ ನೋಡಿ. ನೀರು ಹೆಚ್ಚು ಕುಡಿಯುತ್ತಿದೆಯಾ, ಇರುವೆ ಬಂತಾ ಗಮನಿಸಿ. ಒಂದು ದಿನ ಪೂರ್ತಿ ಊಟ ಬಿಟ್ಟರೆ ಮರುದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಹೊರಡಿ, ಹೊರಡುವ ಮೊದಲು ಮನೆಯಲ್ಲೇ ಸಕ್ಕರೆ ನೋಡಿ ಬರೆದುಕೊಳ್ಳಿ. ವೈದ್ಯರ ಮುಂದೆ ನೀವು ಇಡಬಹುದಾದ ಎಲ್ಲ ಮಾಹಿತಿಗಿಂತ ಬೆಲೆಬಾಳುವುದು ಆ ಒಂದು ಅಂಕಿ.